ಒಂದು ರೊಟ್ಟಿ ಕಡಿಮೆ, ಮೂರು ವರ್ಷದ ಲೆಕ್ಕ

ಲಾತೂರಿನ ಒಬ್ಬ ವೈದ್ಯಕೀಯ ಪ್ರಾಧ್ಯಾಪಕರು ಮಹಾರಾಷ್ಟ್ರದ ಮನೆಮನೆಯಲ್ಲಿ ಊಟದ ಹೊತ್ತಿನ ಬಗ್ಗೆ ಜಗಳ ಹಚ್ಚಿದ್ದು 2018ರ ಸುಮಾರಿಗೆ. ಡಾ. ಜಗನ್ನಾಥ ದೀಕ್ಷಿತರ ಸೂತ್ರ ಯಾರಿಗಾದರೂ ಬಾಯಿಪಾಠ ಆಗುವಂಥದ್ದು. ಹಸಿವಾದಾಗ ಉಣ್ಣಬೇಕು, ದಿನಕ್ಕೆ ಎರಡೇ ಸಲ ಉಣ್ಣಬೇಕು, ಒಂದೊಂದು ಊಟ 55 ನಿಮಿಷದೊಳಗೆ ಮುಗಿಯಬೇಕು. ನಡುವೆ ನೀರು, ತೆಳು ಮಜ್ಜಿಗೆ, ಸಕ್ಕರೆ ಹಾಕದ ಚಹಾ ಬಿಟ್ಟರೆ ಬೇರೇನೂ ಬೇಡ. ದಿನಾ 45 ನಿಮಿಷ ನಡೆಯಬೇಕು. ಡಾ. ಶ್ರೀಕಾಂತ ಜಿಚಕಾರರ ವಿಚಾರಗಳಿಂದ ಪ್ರೇರಣೆ ಪಡೆದ ಈ ಪದ್ಧತಿಯನ್ನು ದೀಕ್ಷಿತರು ಮರಾಠಿ ಪುಸ್ತಕದಲ್ಲಿ, ಊರೂರಿನ ಭಾಷಣಗಳಲ್ಲಿ ಹರಡಿದರು. ರಾಜ್ಯ ಸರ್ಕಾರ ಬೊಜ್ಜಿನ ವಿರುದ್ಧದ ತನ್ನ ಅಭಿಯಾನಕ್ಕೆ ಅವರನ್ನೇ ರಾಯಭಾರಿಯಾಗಿ ಆರಿಸಿತು. ಇತ್ತ ಮುಂಬೈನ ಆಹಾರತಜ್ಞೆ ಋಜುತಾ ದಿವೇಕರ ಹೇಳುತ್ತಿದ್ದದ್ದು ಇದಕ್ಕೆ ತೀರಾ ಉಲ್ಟಾ: ದಿನವಿಡೀ ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ತಿನ್ನಿ. ದೀಕ್ಷಿತರೋ ದಿವೇಕರರೋ ಎಂಬ ವಾದ ಮರಾಠಿ ಪತ್ರಿಕೆಗಳಲ್ಲಿ, ಮದುವೆ ಪಂಕ್ತಿಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಬಹಳ ದಿನ ನಡೆಯಿತು.

ಲಾತೂರು ಅಂದರೆ ಗಡಿಯ ಕನ್ನಡಿಗರಿಗೆ ದೂರದ ಊರಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯ ಹರಿದು ಹಂಚಿಹೋದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬೈ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಇವೆರಡೂ ಅದರ ಪಾಲಿಗೆ ಬಂದವು. ಇದೇ ಗಡಿಯ ಉಮರ್ಗಾ ಇಂದು ಧಾರಾಶಿವ ಜಿಲ್ಲೆಯಲ್ಲಿದೆ. ಆಡಳಿತ ಮರಾಠಿ, ಮನೆಯೊಳಗೆ ಕನ್ನಡ, ತಾಟಿನಲ್ಲಿ ಮಾತ್ರ ಗಡಿಯ ಆಚೆ ಈಚೆ ಭೇದವಿಲ್ಲ: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಎಣ್ಣೆ ಮೇಲೆ ತೇಲುವ ಬದನೆಕಾಯಿ. ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ಲಾತೂರಿಗೆ ಹೋಗಿಬರುವ ಈ ಸೀಮೆಗೆ ದೀಕ್ಷಿತರ ಮಾತು ತಲುಪದೆ ಇರುವುದಾದರೂ ಹೇಗೆ?

ಆದರೆ ಎರಡು ಊಟದವರನ್ನೂ ಆರು ಊಟದವರನ್ನೂ ಫೋನಿನಲ್ಲಿ ಕ್ಯಾಲರಿ ಲೆಕ್ಕ ಬರೆಯುವವರನ್ನೂ ಸೋಲಿಸುವುದು ಒಂದೇ ಸಂಗತಿ. ಮೊದಲ ವಾರ ತೂಕದ ಯಂತ್ರ ಎರಡು ಕಿಲೋ ಕಡಿಮೆ ತೋರಿಸುತ್ತದೆ. ಎರಡನೇ ವಾರ ಅರ್ಧ ಕಿಲೋ. ಮೂರನೇ ವಾರ ಏನೂ ಇಲ್ಲ. ನಾಲ್ಕನೇ ವಾರ ಮುನ್ನೂರು ಗ್ರಾಂ ಏರಿರುತ್ತದೆ. ‘ನನ್ನ ಮೈಗೆ ಇದು ಹತ್ತೂದಿಲ್ಲ’ ಎಂದು ಅಲ್ಲಿಗೇ ಕೈಬಿಡುವವರು ಬಹಳ. ಅವರಲ್ಲಿ ಹೆಚ್ಚಿನವರ ಮೈ ಆ ಹೊತ್ತಿಗೆ ಸರಿಯಾದ ದಾರಿಯಲ್ಲೇ ಇರುತ್ತದೆ. ತಪ್ಪಿರುವುದು ಅವರ ಕೈಗೆ ಯಾರೋ ಕೊಟ್ಟ ಲೆಕ್ಕ.

ಆ ಲೆಕ್ಕ ಹುಟ್ಟಿದ್ದು ಅಮೆರಿಕದಲ್ಲಿ, 1958ರಲ್ಲಿ. ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ವೈದ್ಯರು ಒಂದು ಪೌಂಡ್ ತೂಕಕ್ಕೆ 3,500 ಕ್ಯಾಲರಿ ಎಂದು ಕಟ್ಟಿಕೊಟ್ಟರು. ಕಿಲೋಗೆ ಹೇಳುವುದಾದರೆ ಸುಮಾರು 7,700. ಕೊಬ್ಬಿನ ಮಟ್ಟಿಗೆ ಈ ಅಂಕಿ ತಪ್ಪಲ್ಲ. ಅದನ್ನು ಕ್ಯಾಲೆಂಡರಿನ ಮೇಲೆ ಹಾಸಿ ಭವಿಷ್ಯ ಹೇಳಲು ಹೊರಟಲ್ಲೇ ಎಡವಟ್ಟು ಶುರು. 80 ಕಿಲೋ ತೂಗುವ ಒಬ್ಬ ಮಾಸ್ತರರು ದಿನಕ್ಕೆ 240 ಕ್ಯಾಲರಿ ಕಡಿಮೆ ಉಣ್ಣುತ್ತಾರೆ ಎಂದುಕೊಳ್ಳಿ. ಒಂದು ರೊಟ್ಟಿ, ಜೊತೆಗೆ ಚಹಾದ ಎರಡು ಚಮಚ ಸಕ್ಕರೆ ಬಿಟ್ಟಂತೆ. ವರ್ಷಕ್ಕೆ 87,600 ಕ್ಯಾಲರಿ, 7,700ರಿಂದ ಭಾಗಿಸಿದರೆ 11 ಕಿಲೋಗೂ ಹೆಚ್ಚು. ಎರಡು ವರ್ಷಕ್ಕೆ ಸುಮಾರು 23, ಮೂರು ವರ್ಷಕ್ಕೆ 34. ಹೀಗೇ ಹೋದರೆ ಏಳೆಂಟು ವರ್ಷದಲ್ಲಿ ಮಾಸ್ತರರೇ ಉಳಿಯುವುದಿಲ್ಲ! ಅಲ್ಲಿಗೆ ಈ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಎಂದಾಯಿತು.

ಬಿಟ್ಟುಹೋದದ್ದನ್ನು ತುಂಬಿಕೊಟ್ಟವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್. 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅವರ ತಂಡ ಪ್ರಕಟಿಸಿದ ಗಣಿತದ ಸಾರ ಇಷ್ಟು. ದಿನದ ಊಟದಲ್ಲಿ ಸುಮಾರು 24 ಕ್ಯಾಲರಿ ಕಾಯಂ ಆಗಿ ಕಡಿಮೆಯಾದರೆ ತೂಕ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರ ಅರ್ಧ ಇಳಿಯಲು ಒಂದು ವರ್ಷ ಬೇಕು. ಹೆಚ್ಚುಕಡಿಮೆ ಪೂರ್ತಿ ಇಳಿಯಲು ಮೂರು ವರ್ಷ. ಮಾಸ್ತರರ 240 ಕ್ಯಾಲರಿಗೆ ಒಟ್ಟು ಸಿಗುವುದು ಹತ್ತು ಕಿಲೋ. ಮೊದಲ ವರ್ಷದ ಪಾಲು ಐದು.

ಹೀಗೇಕೆ ಎಂಬುದನ್ನು ತಿಳಿಯಲು ಲೋಹಾರಾ ತಾಲೂಕಿನ ಮಾಕಣಿಗೆ ಹೋಗಬಹುದು. ಅಲ್ಲಿ ತೇರಣಾ ನದಿಗೆ ಅಡ್ಡ ಕಟ್ಟಿದ ನಿಮ್ನ ತೇರಣಾ ಜಲಾಶಯವಿದೆ. ಒಳಹರಿವು ಸ್ವಲ್ಪ ತಗ್ಗಿತು ಎಂದುಕೊಳ್ಳಿ. ನೀರಿನ ಮಟ್ಟ ಇಳಿಯುತ್ತದೆ. ಮಟ್ಟ ಇಳಿದಂತೆ ನೀರು ಹರಡಿಕೊಂಡ ಜಾಗ ಕಿರಿದಾಗುತ್ತದೆ. ಜಾಗ ಕಿರಿದಾದಂತೆ ಬಿಸಿಲಿಗೆ ಆವಿಯಾಗುವ ನೀರೂ ಕಡಿಮೆಯಾಗುತ್ತದೆ, ತಳದ ಒತ್ತಡ ತಗ್ಗಿ ಸೋರುವುದೂ ಕಡಿಮೆಯಾಗುತ್ತದೆ. ಕೊನೆಗೆ ಒಳಬರುವುದೂ ಹೊರಹೋಗುವುದೂ ಸಮವಾಗಿ ಮಟ್ಟ ಹೊಸ ಜಾಗದಲ್ಲಿ ನಿಲ್ಲುತ್ತದೆ. ಮೈಯಲ್ಲಿ ಆಗುವುದೂ ಇದೇ. 80 ಕಿಲೋ ಮೈ ಹೊತ್ತು ಮೆಟ್ಟಿಲು ಹತ್ತಲು ಬೇಕಾದ ಶಕ್ತಿ 75 ಕಿಲೋ ಮೈಗೆ ಬೇಡ. ಕೂತಾಗ, ಮಲಗಿದಾಗ ಉರಿಯುವ ಇಂಧನವೂ ತಗ್ಗುತ್ತದೆ. ಮೊದಲ ದಿನ 240 ಇದ್ದ ಕೊರತೆ ವರ್ಷದ ಹೊತ್ತಿಗೆ ಅರ್ಧಕ್ಕೆ ಬಂದಿರುತ್ತದೆ. ಮಾಸ್ತರರು ಒಂದು ದಿನವೂ ತಪ್ಪದೆ ಅದೇ ಊಟ ಉಂಡರೂ ಇಳಿಕೆ ನಿಧಾನವಾಗುವುದು ಇದರಿಂದ. ಇದು ಸೋಲಲ್ಲ, ಜೀವದ ಸಹಜ ವ್ಯವಸ್ಥೆ.

ಮೊದಲ ವಾರದ ಎರಡು ಕಿಲೋ ಎಲ್ಲಿಂದ ಬಂತು ಹಾಗಾದರೆ? ಅದರಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಈ ದಾಸ್ತಾನು ಕರಗಿ ನೀರೂ ಹೊರಹೋಗುತ್ತದೆ. ಒಂದು ದಿನ ಮದುವೆ ಊಟ ಉಂಡರೆ, ಉಪ್ಪಿನಕಾಯಿ ಹಪ್ಪಳ ಹೆಚ್ಚು ತಿಂದರೆ ಅದೇ ನೀರು ಮರಳಿ ಬರುತ್ತದೆ. ಹೊಸದಾಗಿ ಕಸರತ್ತು ಶುರು ಮಾಡಿದವರ ಸ್ನಾಯುಗಳು ನೋವಿನ ಜೊತೆ ನೀರನ್ನೂ ಹಿಡಿಯುತ್ತವೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಒಂದು ಕಿಲೋ, ಕೆಲವರಲ್ಲಿ ಅದಕ್ಕೂ ಹೆಚ್ಚು ಏರುಪೇರಾಗುತ್ತದೆ. ವಾರಕ್ಕೆ ನಿಜವಾಗಿ ಕರಗುವ ಕೊಬ್ಬು ಕಾಲು ಕಿಲೋ ಇರಬಹುದು. ಅದನ್ನು ಒಂದು ಕಿಲೋ ನೀರಿನ ಏರಿಳಿತ ಸುಲಭವಾಗಿ ಮುಚ್ಚಿಹಾಕುತ್ತದೆ. ಹಾಗಾಗಿ ಒಂದು ದಿನದ ಅಂಕಿಗೆ ಬೆಲೆಯಿಲ್ಲ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ಏಳು ದಿನದ ಸರಾಸರಿ ತೆಗೆದು, ಈ ತಿಂಗಳ ಸರಾಸರಿಯನ್ನು ಹೋದ ತಿಂಗಳದರ ಪಕ್ಕ ಇಟ್ಟರೆ ಸತ್ಯ ಕಾಣುತ್ತದೆ. ಮನೆಯಲ್ಲಿ ಯಂತ್ರವಿಲ್ಲದವರಿಗೆ ಟೇಲರ್ ಟೇಪು ಸಾಕು. ಹೊಕ್ಕುಳ ಮಟ್ಟದ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಟ್ಟರಾಯಿತು.

ಇನ್ನು ತಾಟಿನ ಕಡೆ. ಉಮರ್ಗಾ ಮೇಲೆ ಹಾದುಹೋಗುವ ಸೊಲ್ಲಾಪುರದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಹೈದರಾಬಾದ್. ಅಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಕೈಯಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂತು. ಭಾರತೀಯರ ಊಟದ ಕ್ಯಾಲರಿ ಪಟ್ಟಿಗೆ ಇದೇ ಮೂಲ. 2017ರಲ್ಲಿ ಅದು 528 ಆಹಾರ ಪದಾರ್ಥಗಳ ಹೊಸ ಪಟ್ಟಿಯನ್ನು ಹೊರತಂದಿತು. ಅದರ ಪ್ರಕಾರ ನೂರು ಗ್ರಾಂ ಜೋಳದಲ್ಲಿ 334 ಕ್ಯಾಲರಿ, ಅಕ್ಕಿಯಲ್ಲಿ 356, ಶೇಂಗಾದಲ್ಲಿ 520. ಎಣ್ಣೆ ಯಾವುದೇ ಇರಲಿ, ನೂರು ಗ್ರಾಮಿಗೆ 900.

ಜೋಳ ಅಕ್ಕಿಗಿಂತ ಅಷ್ಟೇನೂ ಕಡಿಮೆಯಲ್ಲ ಎಂಬುದು ಹಲವರಿಗೆ ಆಶ್ಚರ್ಯ. ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಎಂದು ನಂಬಿ ನಾಲ್ಕರ ಜಾಗದಲ್ಲಿ ಐದು ತಿನ್ನುವವರಿದ್ದಾರೆ. ಜೋಳದ ನಾರು ಹೊಟ್ಟೆ ತುಂಬಿಸುತ್ತದೆ, ಅದು ಅದರ ಗುಣ. ಆದರೂ ಹಿಟ್ಟು ಹಿಟ್ಟೇ. ಫೋನಿನ ಆ್ಯಪ್‌ನಲ್ಲಿ ‘ಒಂದು ರೊಟ್ಟಿ’ ಎಂದು ಒತ್ತಿದರೆ ಅದು ತೋರಿಸುವ ಅಂಕಿ ಯಾರ ಮನೆಯ ರೊಟ್ಟಿಯದು? ಈ ಕಡೆ ಅಗಲವಾಗಿ ಬಡಿದ ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಅದೇ 200 ಕ್ಯಾಲರಿ. ಇನ್ನೊಂದು ಮನೆಯಲ್ಲಿ 90 ಗ್ರಾಂ ಹಿಡಿದರೆ 300. ರೊಟ್ಟಿಯನ್ನೇ ತಕ್ಕಡಿಗೆ ಇಟ್ಟರೂ ಮೋಸ ಹೋಗಬಹುದು. ಬಿಸಿ ರೊಟ್ಟಿಯಲ್ಲಿ ನೀರಿದೆ, ಖಟಿ ರೊಟ್ಟಿಯಲ್ಲಿ ನೀರು ಹಾರಿಹೋಗಿದೆ. ಖಟಿ ರೊಟ್ಟಿ ಕೈಗೆ ಹಗುರ, ಕ್ಯಾಲರಿ ಮಾತ್ರ ಅಷ್ಟೇ. ತೂಗಬೇಕಾದದ್ದು ಒಣ ಹಿಟ್ಟನ್ನು. ಒಂದು ದಿನ ಅರ್ಧ ಕಿಲೋ ಹಿಟ್ಟು ಅಳೆದು ಕಲಸಿ, ಎಷ್ಟು ರೊಟ್ಟಿ ಬಂದವು ಎಂದು ಎಣಿಸಿ ಭಾಗಿಸಿದರೆ ಆ ಮನೆಯ ರೊಟ್ಟಿಯ ಅಂಕಿ ಎಂದೆಂದಿಗೂ ಸಿಕ್ಕಂತೆ.

ಎಣ್ಣೆಗೆ ಇದಕ್ಕಿಂತಲೂ ಸುಲಭದ ದಾರಿಯಿದೆ. ಒಗ್ಗರಣೆಗೆ ಎಷ್ಟು ಬಿತ್ತು ಎಂದು ದಿನಾ ಅಳೆಯುವುದು ಯಾರಿಂದಲೂ ಆಗದ ಮಾತು. ತಿಂಗಳಿಗೆ ತಂದ ಎಣ್ಣೆಯನ್ನು ಮನೆಮಂದಿಯಿಂದ ಭಾಗಿಸಬೇಕು. ನಾಲ್ಕು ಜನರ ಮನೆಗೆ ನಾಲ್ಕು ಕಿಲೋ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ 33 ಗ್ರಾಂ, ಅಂದರೆ 300 ಕ್ಯಾಲರಿ. ಮೂರು ಕಿಲೋಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 75 ಕ್ಯಾಲರಿ ಉಳಿತಾಯ, ಅದೂ ಯಾರ ತಾಟಿನ ರೊಟ್ಟಿಯನ್ನೂ ಮುಟ್ಟದೆ. ಶೇಂಗಾ ಹಿಂಡಿ, ಎಳ್ಳಿನ ಪುಡಿ, ಗುರೆಳ್ಳು ಪುಡಿಗಳನ್ನು ‘ನಂಜಿಕೊಳ್ಳುವುದು’ ಎಂದು ಲೆಕ್ಕದಿಂದ ಬಿಡುವುದು ರೂಢಿ. ದೊಡ್ಡ ಚಮಚ ಹಿಂಡಿಯಲ್ಲಿ 50ಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. ಎಮ್ಮೆ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಚಹಾ ಒಂದು ಕಪ್ಪಿಗೆ 90ರ ಆಸುಪಾಸು. ಸಂತೆ ದಿನ ಇಂಥವು ಐದಾರು ಆಗುತ್ತವೆ. ಏಕಾದಶಿಯ ಸಾಬೂದಾನಿ ಖಿಚಡಿಯನ್ನು ಉಪವಾಸ ಎನ್ನುತ್ತೇವೆ. ಸಾಬೂದಾನಿ, ಶೇಂಗಾ ಪುಡಿ, ಎಣ್ಣೆ ಸೇರಿ ಒಂದು ತುಂಬು ತಾಟು 500 ಕ್ಯಾಲರಿ ದಾಟಬಹುದು.

ಮನುಷ್ಯರು ಈ ಎಣಿಕೆಯಲ್ಲಿ ಎಷ್ಟು ತಪ್ಪುತ್ತಾರೆ ಎಂಬುದಕ್ಕೆ ನ್ಯೂಯಾರ್ಕಿನ ಒಂದು ಅಧ್ಯಯನ ಹೆಸರಾಗಿದೆ. 1992ರಲ್ಲಿ ಪ್ರಕಟವಾದ ಅದರಲ್ಲಿ, ಎಷ್ಟು ಕಡಿಮೆ ಉಂಡರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷಿಸಿದರು. ಅವರು ಬರೆದುಕೊಟ್ಟ ಊಟ ನಿಜವಾಗಿ ಉಂಡದ್ದಕ್ಕಿಂತ 47 ಪ್ರತಿಶತ ಕಡಿಮೆ ಇತ್ತು, ವ್ಯಾಯಾಮ 51 ಪ್ರತಿಶತ ಹೆಚ್ಚು ಇತ್ತು. ಅವರ ಚಯಾಪಚಯದಲ್ಲಿ ದೋಷವೇನೂ ಇರಲಿಲ್ಲ. ಅವರು ಸುಳ್ಳು ಹೇಳಿದರು ಎಂದು ತಿಳಿಯಬಾರದು. ಅಡುಗೆ ಮಾಡುತ್ತ ಬಾಯಿಗೆ ಹಾಕಿಕೊಂಡದ್ದು, ಮಕ್ಕಳ ತಾಟಿನಲ್ಲಿ ಉಳಿದದ್ದು, ಯಾರೋ ಒತ್ತಾಯಿಸಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಲೆ ಮುಂದೆ ಉಳಿದಬಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳಿಗಂತೂ ತಾವು ಎಷ್ಟು ಉಂಡೆವು ಎಂಬುದೇ ತಿಳಿಯದು. ಕೆಲವರು ಹೆಚ್ಚು ಉಂಡಿರುತ್ತಾರೆ, ಹಲವರು ಕಡಿಮೆ ಉಂಡಿರುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ರೂಢಿ ಬಂದರೆ ಅದು ಆರೋಗ್ಯಕ್ಕೂ ನ್ಯಾಯಕ್ಕೂ ಒಳ್ಳೆಯದು.

ವ್ಯಾಯಾಮದ ವಿಷಯದಲ್ಲಿ ನಿರೀಕ್ಷೆ ಇನ್ನೂ ದೊಡ್ಡದು. 70 ಕಿಲೋ ತೂಗುವವರು ಐದು ಕಿಲೋಮೀಟರ್ ನಡೆದರೆ ಕೂತಿದ್ದಾಗಿನದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಸುಮಾರು 200 ಕ್ಯಾಲರಿ. ಒಂದು ರೊಟ್ಟಿಯಷ್ಟೇ. ನಡೆದು ಬಂದು ಭಜಿ ತಿಂದರೆ ಲೆಕ್ಕ ಚುಕ್ತಾ. ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ತಂಡ 2012ರಲ್ಲಿ ಟಾಂಜಾನಿಯಾದ ಹಾಡ್ಜಾ ಬೇಟೆಗಾರರ ದಿನದ ಶಕ್ತಿಖರ್ಚನ್ನು ಅಳೆಯಿತು. ಕಾಡಿನಲ್ಲಿ ದಿನವಿಡೀ ತಿರುಗುವ ಅವರ ಒಟ್ಟು ಖರ್ಚು, ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ, ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕನ್ನರಷ್ಟೇ ಇತ್ತು. ಹೆಚ್ಚು ದುಡಿದಾಗ ಮೈ ಬೇರೆ ಕಡೆ ಮಿತವ್ಯಯ ಮಾಡುತ್ತದೆ ಎಂಬ ವಾದ ಅಲ್ಲಿಂದ ಬಲವಾಯಿತು. 2021ರಲ್ಲಿ ಇದೇ ಬಗೆಯ ಅಳತೆಗಳನ್ನು 29 ದೇಶಗಳ 6,400ಕ್ಕೂ ಹೆಚ್ಚು ಜನರಿಂದ ಕೂಡಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಕೂಡ ಒಬ್ಬ ಲೇಖಕರು. 20ರಿಂದ 60ರ ವಯಸ್ಸಿನ ತನಕ ಮೈಯ ಉರಿಯುವ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂದು ಅದು ತೋರಿಸಿತು. ನಲವತ್ತಾಯಿತು, ಇನ್ನು ತೂಕ ಇಳಿಯದು ಎನ್ನುವ ಮಾತಿಗೆ ಆಧಾರವಿಲ್ಲ.

ಹಾಗೆಂದು ನಡಿಗೆ ಬಿಡಬಾರದು. ಅಮೆರಿಕದಲ್ಲಿ 1994ರಿಂದ ತೂಕ ಇಳಿಸಿ ಉಳಿಸಿಕೊಂಡವರ ದಾಖಲೆಯೊಂದಿದೆ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷವಾದರೂ ಕಾಯ್ದುಕೊಂಡವರಿಗೆ ಅಲ್ಲಿ ಜಾಗ. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ತಾಸು ನಡೆಯುತ್ತಾರೆ ಅಥವಾ ಬೇರೆ ಕಸರತ್ತು ಮಾಡುತ್ತಾರೆ, ಮತ್ತೆಮತ್ತೆ ತೂಕ ನೋಡಿಕೊಳ್ಳುತ್ತಾರೆ. ಇಳಿಸುವ ಕೆಲಸದಲ್ಲಿ ಊಟದ ಕೈ ಮೇಲು, ಉಳಿಸಿಕೊಳ್ಳುವ ಕೆಲಸದಲ್ಲಿ ನಡಿಗೆಯ ಕೈ ಮೇಲು. ಭಾರ ಎತ್ತುವ ಕಸರತ್ತು, ಸಾಕಷ್ಟು ಬ್ಯಾಳಿ, ಮೊಸರು, ಮೊಳಕೆಕಾಳು, ಉಣ್ಣುವವರಿಗೆ ಮೊಟ್ಟೆ ಇದ್ದರೆ ಕರಗುವುದು ಕೊಬ್ಬೇ ಆಗಿ, ಸ್ನಾಯು ಉಳಿಯುತ್ತದೆ.

ನಿಧಾನ ಇಳಿದದ್ದು ಮರಳಿ ಬರುವುದಿಲ್ಲ ಎಂಬ ನಂಬಿಕೆಯೂ ಪ್ರಚಾರದಲ್ಲಿದೆ. ಅದನ್ನು ಹಾಗೇ ಒಪ್ಪಲಾಗದು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 204 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರು 12 ವಾರಗಳಲ್ಲಿ, ಕೆಲವರು 36 ವಾರಗಳಲ್ಲಿ ತೂಕ ಇಳಿಸಿದರು. ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಎರಡೂ ಗುಂಪಿನವರು ಇಳಿಸಿದ್ದರಲ್ಲಿ 70 ಪ್ರತಿಶತದಷ್ಟು ಮರಳಿ ಗಳಿಸಿದರು. ವೇಗ ಇಲ್ಲಿ ಮುಖ್ಯವಲ್ಲ. ಇಳಿಸಿದ ಊಟವನ್ನು ಅದೇ ಅಡುಗೆಮನೆಯಲ್ಲಿ, ಅದೇ ಹಬ್ಬಹುಣ್ಣಿಮೆಗಳ ನಡುವೆ ಮೂರು ವರ್ಷವಾದ ಮೇಲೂ ಉಣ್ಣಲು ಆಗುತ್ತದೆಯೇ ಎಂಬುದು ಮುಖ್ಯ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣಬಾರದು ಎನ್ನುವ ಪಥ್ಯ ಈ ಸೀಮೆಯಲ್ಲಿ ಒಂದು ವರ್ಷವೂ ಬಾಳದು, ಬಾಳಬೇಕಾಗಿಯೂ ಇಲ್ಲ.

ದೀಕ್ಷಿತರ ಪದ್ಧತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಅವರು ಇನ್ಸುಲಿನ್ನಿನ ಏರಿಳಿತದ ಮೂಲಕ ಅದನ್ನು ವಿವರಿಸುತ್ತಾರೆ. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಬೇರೊಂದು ಸುಳಿವು ಕೊಡುತ್ತದೆ. ಎರಡು ಗುಂಪಿಗೂ ಒಂದೇ ಪ್ರಮಾಣದ ಕ್ಯಾಲರಿ ಕೊಟ್ಟು, ಒಂದು ಗುಂಪಿಗೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಲು ಹೇಳಿದರು. ವರ್ಷದ ಕೊನೆಗೆ ಎರಡು ಗುಂಪುಗಳ ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೊತ್ತಿಗಿಂತ ಪ್ರಮಾಣದ ಕೈವಾಡ ದೊಡ್ಡದು ಎಂದು ಇದರರ್ಥ. ಎರಡೇ ಊಟ ಎಂದಾಗ ಸಂಜೆಯ ಚುರಮುರಿ, ಬಿಸ್ಕೀಟು, ಸಕ್ಕರೆ ಚಹಾ ತಾನಾಗಿ ನಿಂತುಹೋಗುತ್ತವೆ. ಪೆನ್ನು ಕಾಗದ ಹಿಡಿಯಲಾರದವರಿಗೆ ಎಣಿಸದೆಯೇ ಎಣಿಸಿದಂತಾಗುತ್ತದೆ. ಹಳ್ಳಿಯ ಸಾಮಾನ್ಯರಿಗೆ ನೆನಪಿಡಲು ಸುಲಭವಾದದ್ದನ್ನು ಕೊಟ್ಟದ್ದೇ ಅವರ ದೊಡ್ಡ ಉಪಕಾರ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ತಪ್ಪಿಸಬಾರದು, ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಬೆಳೆಯುವ ಮಕ್ಕಳಿಗೆ ಈ ಯಾವ ಲೆಕ್ಕವೂ ಬೇಡ.

ಐದು ಕಿಲೋಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಪುಣೆಯಿಂದ ಉತ್ತರ ಬಂದಿದೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 2004ರ ‘ಲ್ಯಾನ್ಸೆಟ್’ನಲ್ಲಿ ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಯುಡ್ಕಿನ್‌ರದು 9.1 ಪ್ರತಿಶತ, ಯಾಜ್ಞಿಕರದು 21.2. ಪುಣೆ ಹತ್ತಿರದ ಹಳ್ಳಿಗಳಲ್ಲಿ ಹುಟ್ಟುವ ಕೂಸುಗಳ ಸರಾಸರಿ ತೂಕ 2.7 ಕಿಲೋ ಇದ್ದರೂ ಅವುಗಳ ಚರ್ಮದಡಿ ಕೊಬ್ಬು ಉಳಿದಿರುತ್ತದೆ, ಕೊರತೆ ಬೀಳುವುದು ಸ್ನಾಯುವಿಗೆ ಎಂದು ಯಾಜ್ಞಿಕರು ತೋರಿಸಿದ್ದಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಅರೆಪೋಷಣೆ ಮುಂದೆ ಮಧುಮೇಹಕ್ಕೆ ದಾರಿ ಮಾಡುತ್ತದೆ ಎನ್ನುವುದು ಅವರ ವಾದ. 1972ರ ಬರ ಕಂಡ ಮರಾಠವಾಡಕ್ಕೆ ಈ ಮಾತು ಹತ್ತಿರದ್ದು. ಭಾರತೀಯರಿಗೆ ಸೂಚ್ಯಂಕ 23 ದಾಟಿದರೇ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಗೆರೆ ಎಳೆದಿರುವುದು, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುವುದು ಈ ಕಾರಣಕ್ಕೆ.

ಇಳಿಕೆಯ ಫಲವೂ ಅಷ್ಟೇ ಸ್ಪಷ್ಟ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಊಟ ಮಿತಗೊಳಿಸಿ ವಾರಕ್ಕೆ 150 ನಿಮಿಷ ನಡೆದವರಲ್ಲಿ ರೋಗಕ್ಕೆ ತುತ್ತಾಗುವ ಪ್ರಮಾಣ 58 ಪ್ರತಿಶತ ಕಡಿಮೆಯಾಯಿತು. ಅವರು ಸರಾಸರಿ ಇಳಿಸಿದ್ದು 5.6 ಕಿಲೋ, ನಮ್ಮ ಮಾಸ್ತರರ ಮೊದಲ ವರ್ಷದ ಪಾಲಿಗಿಂತ ತುಸು ಹೆಚ್ಚು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ 531 ಜನರ ಮೇಲೆ ಮೂರು ವರ್ಷ ನಡೆದ ಭಾರತೀಯ ಪ್ರಯೋಗದ ವರದಿ 2006ರದು. ಅಲ್ಲಿ ಊಟ ನಡಿಗೆ ಬದಲಿಸಿಕೊಂಡವರ ತೂಕ ಹೆಚ್ಚೇನೂ ಇಳಿಯಲೇ ಇಲ್ಲ. ಆದರೂ ಮಧುಮೇಹದ ಅಪಾಯ 28.5 ಪ್ರತಿಶತ ತಗ್ಗಿತು. ಯಂತ್ರದ ಮುಳ್ಳು ಅಲುಗದ ತಿಂಗಳಲ್ಲೂ ಒಳಗೆ ಕೆಲಸ ನಡೆದಿರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗಡಿನಾಡಿನ ಪಂಕ್ತಿಯಲ್ಲಿ ಬೇಡ ಎಂದವರ ತಾಟಿಗೂ ‘ಅರ್ಧಾನಾದ್ರೂ ತಗೋರಿ’ ಎಂದು ರೊಟ್ಟಿ ಬೀಳುತ್ತದೆ. ಅದು ಪ್ರೀತಿಯೇ ಸರಿ. ಆದರೆ ಮನೆಯಲ್ಲಿ ಯಾರಾದರೂ ಒಂದು ರೊಟ್ಟಿ ಕಡಿಮೆ ಮಾಡಿ ವರ್ಷಗಟ್ಟಲೆ ನಡೆಯುವ ಈ ಕೆಲಸಕ್ಕೆ ಇಳಿದಿದ್ದರೆ, ಅವರು ಸಾಕು ಎಂದಾಗ ಕೈ ತಡೆಯಿರಿ. ತೂಕ ಎಷ್ಟು ಇಳಿಯಿತು ಎಂದು ವಾರವಾರ ಕೇಳಬೇಡಿ. ಸಂಜೆ ನಡೆಯಲು ಹೊರಟಾಗ ಅವರ ಜೊತೆ ನೀವೂ ಹೋಗಿ.